ಮಂಜಿ ಓಣಿಯ ಒಂಬತ್ತನೆಯ ಕಟ್ಟು

"ಅದು ಕೋರ್ಟಿಗೆ ಹೋಗ್ಲಿಕ್ಕಿರುವ ಮಾಲು ರತ್ನಕ್ಕ, ಮುಟ್ಟಬೇಡಿ," ಎಂದ ಹೆಡ್ ಕಾನ್‌ಸ್ಟೇಬಲ್ ಮೋಹನದಾಸ್. ಅವನು ಹೇಳಿ ಮುಗಿಸುವಷ್ಟರಲ್ಲಿ ರತ್ನಕ್ಕ ಮೊದಲ ಕಟ್ಟಿನ ಗಂಟು ಬಿಚ್ಚಿ ಆಗಿತ್ತು.

"ಬಿಚ್ಚಿದ ಹಾಗೆಯೇ ಕಟ್ಟಿ ಇಡ್ತೇನೆ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವಳಲ್ವಾ ನಾನು."

ಅದು ಸುಳ್ಳಲ್ಲ. ಬಂದರಿನ ಕಸ್ಟಮ್ಸ್ ಶೆಡ್ಡಿನಲ್ಲಿ, ಹಡಗಿನಿಂದ ಇಳಿದ ಹೆಂಗಸರನ್ನೂ ಅವರ ಗಂಟುಮೂಟೆಯನ್ನೂ ಪರದೆಯ ಹಿಂದೆ ಜಡ್ತಿ ಮಾಡುವುದು ಅವರ ಉದ್ಯೋಗವಾಗಿತ್ತು. ಹಡಗು ಕಡಿಮೆಯಾದವು, ಇಳಿಯುವ ಹೆಂಗಸರು ಕಡಿಮೆಯಾದರು, ಕೊನೆಗೊಂದು ದಿನ ಪರದೆಯನ್ನೂ ಮಡಿಸಿಟ್ಟು ರತ್ನಾವತಿಯನ್ನು ಮನೆಗೆ ಕಳಿಸಿದರು. ಕೈಯ ಅಭ್ಯಾಸ ಮಾತ್ರ ಹೋಗಲಿಲ್ಲ.

ಕಾಗದದ ಒಳಗೆ ಬೈಹುಲ್ಲು. ಬೈಹುಲ್ಲಿನ ಒಳಗೆ ಮತ್ತೊಂದು ಕಾಗದ. ಅದರ ಒಳಗೆ, ಸರಕು ಸಾಗಿಸುವ ಮಂಜಿ ಹಡಗುಗಳಿಗೆ ತೂಗುಹಾಕುವ ದೊಡ್ಡ ಲಾಟೀನಿನ ಗಾಜು. ಒಂದು ಕೂದಲಿನಷ್ಟೂ ಬಿರುಕಿಲ್ಲ.

ಬಾಗಿಲಲ್ಲಿ ಕುಶಲಾ ನಿಂತಿದ್ದಳು. ಬೆಳಿಗ್ಗೆ ಆರಕ್ಕೇ ರತ್ನಕ್ಕನ ಮನೆಗೆ ಓಡಿ ಬಂದವಳು. ಇನ್ನೂ ತಲೆ ಬಾಚಿರಲಿಲ್ಲ. ಹಸೈನಾರ್ ಹಾಜಿಯವರ ಹಗ್ಗದ ಅಂಗಡಿಯಿಂದ ಕಳೆದ ತಿಂಗಳು ಕಳವಾಗಿದ್ದ ಸಾಮಾನು ನಿನ್ನೆ ಅವಳ ಗಂಡ ಮಹಾಬಲನ ಚಾ ಹೋಟೆಲಿನ ಅಟ್ಟದಲ್ಲಿ ಸಿಕ್ಕಿತ್ತು. ಮಹಾಬಲ ಈಗ ಈ ಹೊರಠಾಣೆಯ ಒಳಕೋಣೆಯಲ್ಲಿ, ಕಂಬಿಯ ಹಿಂದೆ, ಮೊಣಕಾಲಿಗೆ ಗದ್ದ ಊರಿ ಕೂತಿದ್ದ. ಮೂರು ಗಂಟೆಗೆ ಜೀಪು ಬಂದು ಅವನನ್ನು ಮೇಲಿನ ಠಾಣೆಗೆ ಒಯ್ಯುತ್ತದೆ. ಆಮೇಲೆ ಕೋರ್ಟು.

"ಅಟ್ಟದಲ್ಲಿ ಉಂಟು ಅಂತ ನಿಮಗೆ ಹೇಳಿದ್ದು ಯಾರು?" ರತ್ನಕ್ಕ ಎರಡನೆಯ ಕಟ್ಟಿಗೆ ಕೈಹಾಕಿದರು.

"ಮಾಹಿತಿ ಬಂತು."

"ಮಾಹಿತಿಗೆ ಬಾಯಿ ಇರ್ತದಲ್ಲ."

ಮೋಹನದಾಸ್ ನಕ್ಕು, ಮೇಜಿನ ಮೇಲಿದ್ದ ಪೇಪರನ್ನು ಎತ್ತಿ ಗಾಳಿ ಬೀಸಿಕೊಂಡ. ಮೇ ತಿಂಗಳ ಸೆಕೆ. ಹಂಚಿನ ಕೆಳಗೆ ಕೂತರೆ ಬೆವರು ಹನಿ ಕಟ್ಟಿ ಮೂಗಿನ ತುದಿಯಿಂದ ಬೀಳುತ್ತಿತ್ತು. ಪೇಪರಿನ ಹಿಂಬದಿ ರತ್ನಕ್ಕನ ಕಡೆಗಿತ್ತು. ಅರ್ಧ ಪುಟದಷ್ಟು ದೊಡ್ಡ ಕೊಡೆಯ ಚಿತ್ರ, ಅದರ ಕೆಳಗೆ ದಪ್ಪಕ್ಷರ: ಅಹ್ಮದ್ ಬಾವ ಕೊಡೆ ಅಂಗಡಿ, ಇಂದು ಶುಕ್ರವಾರ ಹಂಪನಕಟ್ಟೆಯ ಹೊಸ ಮಳಿಗೆಯಲ್ಲಿ ಆರಂಭ.

ಹಾಗಾದರೆ ಬಾವನೂ ಹೋದ. ಓಣಿಯಲ್ಲಿ ಇಪ್ಪತ್ತೆರಡು ಅಂಗಡಿ ಇದ್ದವು, ಇನ್ನು ಹನ್ನೊಂದು.

ಮೂರನೆಯ ಕಟ್ಟು ಗೋಡೆ ಗಡಿಯಾರದ್ದು. ರತ್ನಕ್ಕ ಅದನ್ನು ಬಹಳ ಹೊತ್ತು ನೋಡಿದರು. ಗಡಿಯಾರದ ಲೋಲಕವನ್ನು ಕೊಕ್ಕೆಯಿಂದ ಬಿಚ್ಚಿ, ಬೇರೆ ಬಟ್ಟೆಯಲ್ಲಿ ಸುತ್ತಿ, ಗಡಿಯಾರದ ಹೊಟ್ಟೆಗೇ ಕಟ್ಟಿ ಇಟ್ಟಿದ್ದರು. ಸುತ್ತಿದ ಪೇಪರುಗಳೆಲ್ಲ ತಿಂಗಳ ಹಿಂದಿನವು, ಅಂಚು ಹಳದಿ ತಿರುಗಿತ್ತು. ಗಂಟು ಎಲ್ಲದರದ್ದೂ ಒಂದೇ ನಮೂನೆ: ಎರಡು ಸುತ್ತು, ಒಂದು ಕುಣಿಕೆ, ತುದಿಯನ್ನು ಒಳಗೆ ತೂರಿಸಿದ್ದು.

ಬೆಂಚಿನ ಮೇಲೆ ಒಟ್ಟು ಎಂಟು ಕಟ್ಟು. ಎಂಟನ್ನೂ ಇದ್ದ ಹಾಗೆಯೇ ಕಟ್ಟಿಟ್ಟು ಅವರು ಒಳಕೋಣೆಯ ಹತ್ತಿರ ಹೋದರು.

"ಮಹಾಬಲ, ಎಂತ ಹೇಳ್ಲಿಕ್ಕುಂಟು ನಿನಗೆ?"

ಮಹಾಬಲ ತಲೆ ಎತ್ತಲಿಲ್ಲ. "ಹಾಜಿಯವರು ಎಂತ ಹೇಳ್ತಾರೋ ಅದೇ."

ನಿನ್ನೆಯಿಂದ ಅವನು ಆಡಿದ್ದು ಅದೊಂದೇ ಮಾತಂತೆ. ಹೆಂಡತಿ ಕೇಳಿದರೂ ಅದೇ, ಪೊಲೀಸು ಕೇಳಿದರೂ ಅದೇ.

* * *

ಹೊರಗೆ ಬಿಸಿಲು ಬಿಳಿಯಾಗಿತ್ತು. ಕುಶಲಾ ಪಕ್ಕದಲ್ಲೇ ನಡೆಯುತ್ತಾ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, ಒಂದರ ಮೇಲೊಂದು ಹೇಳುತ್ತಲೇ ಇದ್ದಳು. ಬೆಳಿಗ್ಗೆಯಿಂದ ಹೋಟೆಲಿನ ಒಲೆ ಹಚ್ಚಿಲ್ಲ. ನಳ್ಳಿಗೆ ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಮೊದಲಾದರೆ ಕೊನೆಯ ಮಂಜಿಯ ಮೂಟೆ ಇಳಿಯುವವರೆಗೂ ಬಾಗಿಲು ಹಾಕುವ ಕ್ರಮ ಇರಲಿಲ್ಲ. ಈಗ ಆರು ಗಂಟೆಗೇ ಅಗಳಿ. ಬೀದಿದೀಪದ ಬಲ್ಬು ಹಾಕಿದ ವಾರಕ್ಕೇ ಕಲ್ಲು ಬೀಳುತ್ತದೆ. ಮೂಲೆಯ ಮನೆಯವರು ಮಗಳನ್ನು ಹೊಲಿಗೆ ಕ್ಲಾಸಿನಿಂದ ಬಿಡಿಸಿದ್ದಾರೆ. ಬಾಡಿಗೆಗಿದ್ದ ಇಬ್ಬರು ಗುಮಾಸ್ತರು ಬಿಜೈ ಕಡೆಗೆ ಮನೆ ನೋಡಿಕೊಂಡಿದ್ದಾರೆ.

ಗೋದಾಮಿನ ಮೂಲೆಯಲ್ಲಿ ಒಂದು ಸ್ಟೂಲು ಇತ್ತು. ಬಂದರಿನ ವಾಚ್‌ಮನ್ ಅಬ್ದುಲ್ಲನದು. ಅವನು ಮೂರು ವಾರದಿಂದ ಇಲ್ಲ. ಉಪ್ಪಳದಲ್ಲಿರುವ ಮಗಳ ಮನೆಗೆ ಹೋದ ಅಂತ ಎಲ್ಲರೂ ಹೇಳುತ್ತಿದ್ದರು. ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ.

"ಅವರಾದರೂ ಇದ್ದರೆ ಒಂದು ಧೈರ್ಯ," ಎಂದಳು ಕುಶಲಾ. "ಇಪ್ಪತ್ತು ವರ್ಷ ನಮ್ಮಲ್ಲೇ ಚಾ ಕುಡಿದವರು. ಹೋಗುವಾಗ ಒಂದು ಮಾತು ಹೇಳ್ಲಿಲ್ಲ ನೋಡಿ."

ರತ್ನಕ್ಕ ಅದನ್ನು ಕೇಳಿಸಿಕೊಂಡರು. ಆದರೆ ಅವರ ಮನಸ್ಸು ಇನ್ನೂ ಆ ಲೋಲಕದಲ್ಲೇ ಇತ್ತು.

ಮಸೀದಿಯ ಕಡೆಯಿಂದ ಬಾಂಗ್ ಕೇಳಿತು. ಓಣಿಯ ಗಂಡಸರು ಒಬ್ಬೊಬ್ಬರಾಗಿ ತಲೆಗೆ ಟೊಪ್ಪಿ ಇಟ್ಟುಕೊಂಡು ಹೊರಟರು. ಹಸೈನಾರ್ ಹಾಜಿಯವರ ಅಂಗಡಿಯಲ್ಲಿ ಹಗ್ಗ ಅಳೆಯುವ ಉದ್ದ ಕೋಲು ಬಾಗಿಲ ಗೂಟದಲ್ಲಿ ತೂಗುತ್ತಿತ್ತು. ಶುಕ್ರವಾರದ ಜುಮಾ ನಮಾಜಿಗೆ ಹೋಗುವಾಗ ಬ್ಯಾರಿಗಳ ಅಂಗಡಿಗೆ ಬಾಗಿಲ ಹಲಗೆ ಏರಿಸುವುದಿಲ್ಲ. ಒಂದು ಕೋಲನ್ನು ಬಾಗಿಲಿಗೆ ಅಡ್ಡ ಇಡುತ್ತಾರೆ, ಅಷ್ಟೆ. ಎದುರಿನ ಅಂಗಡಿಯವನ ಕಣ್ಣು ಅದರ ಮೇಲೆ ಇರುತ್ತದೆ. ಹಾಗೆಯೇ ಮಹಾಬಲ ಕುಟುಂಬದ ತರವಾಡು ಮನೆಯ ಭೂತದ ನೇಮಕ್ಕೆ ಊರಿಗೆ ಹೋದರೆ ಹೋಟೆಲಿನ ಬೀಗದ ಕೈ ಹಾಜಿಯವರ ಸೊಂಟದಲ್ಲಿ. ಅಪ್ಪಂದಿರ ಕಾಲದಿಂದ ಹೀಗೆ.

ಆ ಕೋಲಿನ ಹಿಂದಿನಿಂದಲೇ, ಒಂದು ಶುಕ್ರವಾರದ ನಡುಹಗಲಲ್ಲಿ, ಲಾಟೀನು ಗಡಿಯಾರ ಎಲ್ಲ ಕಳವಾದದ್ದು. ಅದಕ್ಕೆ ಹದಿನೈದು ದಿನ ಮೊದಲು, ಬೀಗದ ಕೈ ಹಾಜಿಯವರಲ್ಲಿದ್ದಾಗ, ಮಹಾಬಲನ ಹೋಟೆಲಿನ ಎರಡು ಹಿತ್ತಾಳೆ ಹಂಡೆ ಕಳವಾದದ್ದು.

ಹಾಜಿಯವರು ಇವತ್ತು ಕೋಲು ಇಡಲಿಲ್ಲ. ಹಲಗೆಗಳನ್ನೇ ಒಂದೊಂದಾಗಿ ಏರಿಸಿ, ಬೀಗ ಹಾಕಿ, ಎದುರಿನ ಮುಚ್ಚಿದ ಹೋಟೆಲಿನ ಕಡೆ ನೋಡದೆ ಹೋದರು.

"ನೀನು ಮನೆಗೆ ಹೋಗಿ ಒಲೆ ಹಚ್ಚು," ಎಂದರು ರತ್ನಕ್ಕ ಕುಶಲಾಳಿಗೆ. "ಚಾ ಮಾಡು. ಯಾರೂ ಬರದಿದ್ದರೆ ನಾನು ಬರ್ತೇನೆ."

* * *

ಅಂಗಡಿಯ ಹಿಂದೆಯೇ ಮನೆ. ರತ್ನಕ್ಕ ಹಿಂಬಾಗಿಲಿಗೆ ಹೋಗಿ ನೀರು ಕೇಳಿದರು. ಹಾಜಿಯವರ ಹೆಂಡತಿ ಝೈನಬ್ ಒಳಗೆ ಕರೆದು ಮಣೆ ಹಾಕಿದರು. ಬಾಯಿ ಮಾತ್ರ ಬಿಗಿದುಕೊಂಡಿತ್ತು. ಕುಶಲಾ ಊಟ ಮಾಡಿದಳಾ ಅಂತ ಕೇಳಿದರು. ಇಲ್ಲ ಅಂದಾಗ ಒಲೆಯ ಕಡೆ ತಿರುಗಿ ನಿಂತರು.

ಕಸ್ಟಮ್ಸಿನಲ್ಲಿ ರತ್ನಕ್ಕ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದರು.

ಝೈನಬ್ ನೀರು ಕೊಟ್ಟ ಕೈಯ ಬೆರಳ ತುದಿಗಳು ಹುಳಿಗೆ ಸುಕ್ಕುಗಟ್ಟಿದ್ದವು, ಉಗುರಿನ ಸಂದು ಕಪ್ಪು. ಬಚ್ಚಲ ಕಲ್ಲಿನ ಮೇಲೆ ಒಂದು ಹಿಡಿ ಹುಣಸೆಯ ಚರಟ, ಬೂದಿ, ಹಸಿರು ಮಿಶ್ರಿತ ಕೊಳೆನೀರು. ಅಡುಗೆಮನೆಯ ಗೋಡೆಗೆ ಸಾಲಾಗಿ ಇದ್ದದ್ದು ಮಣ್ಣಿನ ಪಾತ್ರೆ, ಅಲ್ಯೂಮಿನಿಯಂ ಪಾತ್ರೆ. ಈ ಮನೆಯಲ್ಲಿ ಹಿತ್ತಾಳೆ ಎಂದು ಇದ್ದದ್ದು ಹೊರಗಿನ ಜಗಲಿಯಲ್ಲಿ ಎಲೆಯಡಿಕೆ ಉಗುಳುವ ಕೋಳಾಂಬಿ ಒಂದೇ. ಒಂದು ಕೋಳಾಂಬಿಗೆ ಇಷ್ಟು ಹುಣಸೆ ಬೇಡ.

"ಹಂಡೆ ಕಪ್ಪಾಗಿತ್ತಾ ಝೈನಬ್?"

ಝೈನಬ್ ಒಲೆಯ ಬೆಂಕಿಯನ್ನು ಸುಮ್ಮನೆ ಮುಂದೆ ತಳ್ಳಿದರು, ಹಿಂದೆ ಎಳೆದರು. ಆಮೇಲೆ, ಬೆನ್ನು ಹಾಕಿಯೇ, ಹೇಳಿದರು.

"ಇನ್ನೊಬ್ಬರ ಅಮಾನತ್ತು. ಬಂದ ಹಾಗೇ ವಾಪಸು ಹೋಗಬೇಕಲ್ಲ. ಉಪ್ಪು ಗಾಳಿಗೆ ಎರಡೇ ದಿನದಲ್ಲಿ ಕಪ್ಪು ಹಿಡೀತದೆ. ಶುಕ್ರವಾರ ಶುಕ್ರವಾರ ತಿಕ್ಕಿಡ್ತೇನೆ."

ರತ್ನಕ್ಕ ನೀರಿನ ಲೋಟ ಕೆಳಗಿಟ್ಟರು. ಕದ್ದ ಮಾಲನ್ನು ವಾರಕ್ಕೊಮ್ಮೆ ಹುಣಸೆ ಹಾಕಿ ಬೆಳಗುವ ಮನೆಯನ್ನು ಅವರು ಇಪ್ಪತ್ತಾರು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ.

* * *

ಹಾಜಿಯವರು ನಮಾಜು ಮುಗಿಸಿ ಬಂದು, ಹಲಗೆ ಇಳಿಸಿ, ಹಗ್ಗದ ಸುರುಳಿಯ ಮೇಲೆ ಕೂರುವಾಗ ಒಂದೂವರೆ. ರತ್ನಕ್ಕ ಎದುರಿನ ಸುರುಳಿಯ ಮೇಲೆ ಕೂತರು. ಇಬ್ಬರ ನಡುವೆ ಗಡಿಯಾರ ತೆಗೆದ ಗೋಡೆಯಲ್ಲಿ ಬೆಳ್ಳಗಿನ ಒಂದು ಗುರುತು.

"ಹಾಜಿಯವರೇ, ಕಳ್ಳ ಲೋಲಕ ಬಿಚ್ಚಿ ಕಟ್ತಾನಾ?"

ಅವರು ಗೋಡೆಯ ಆ ಗುರುತಿನ ಕಡೆ ನೋಡಿದರು.

"ಲಾಟೀನಿನ ಗಾಜಿಗೆ ಬೈಹುಲ್ಲು ಸುತ್ತಿಡ್ತಾನಾ? ಆ ಗಂಟು ಈ ಅಂಗಡಿಯದ್ದು. ನಿಮ್ಮ ತಂದೆ ಹಾಕುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಒಳಗೆ ಝೈನಬ್ ಹಂಡೆ ತಿಕ್ಕಿದ್ದನ್ನೂ ನೋಡಿದೆ."

ಹಾಜಿಯವರು ಹಗ್ಗದ ಒಂದು ಎಳೆಯನ್ನು ಹಿಡಿದು ಬಿಡಿಸತೊಡಗಿದರು. ಬಿಡಿಸಿದ್ದನ್ನು ಮತ್ತೆ ಹೊಸೆದರು.

ಕೊನೆಗೆ ಅವರು ಹೇಳಿದ್ದು ಇಷ್ಟು. ಜನವರಿಯಲ್ಲಿ ಆರ್ಡರು ಬಂತು, ಓಣಿಯ ಹೊರಠಾಣೆಯನ್ನು ಬಿಜೈಯ ಹೊಸ ಮನೆಗಳ ಕಡೆಗೆ ಒಯ್ಯುವುದು ಅಂತ. ಓಣಿಯವರು ಮೂರು ಅರ್ಜಿ ಕೊಟ್ಟರು. ಅಂಗಡಿಗಳು ಖಾಲಿಯಾಗ್ತಾ ಉಂಟು, ದೀಪ ಇಲ್ಲ, ಹೆಂಗಸರು ನಡೆಯಲಿಕ್ಕೆ ಹೆದರ್ತಾರೆ, ಇರುವ ಒಂದು ಠಾಣೆಯನ್ನೂ ತೆಗೀಬೇಡಿ ಅಂತ. ಮೂರಕ್ಕೂ ಒಂದೇ ಉತ್ತರ: ಎರಡು ವರ್ಷದಲ್ಲಿ ನಿಮ್ಮ ಓಣಿಯಿಂದ ಒಂದು ಕಳವಿನ ದೂರೂ ದಾಖಲಾಗಿಲ್ಲ.

"ಕಳ್ಳತನ ಇಲ್ಲದ್ದೇ ನಮ್ಮ ತಪ್ಪಾಯ್ತು ರತ್ನಕ್ಕ," ಎಂದರು ಹಾಜಿಯವರು. "ಹಾಗಾದರೆ ದಾಖಲಾಗಲಿ ಅಂತ ನಾವಿಬ್ಬರೂ ಮಾತಾಡಿಕೊಂಡೆವು. ಅವನದ್ದು ನನ್ನಲ್ಲಿ, ನನ್ನದು ಅವನಲ್ಲಿ. ಬೇರೆಯವರ ಮಾಲಿಗೆ ಕೈ ಹಾಕಿದ್ದಲ್ಲ. ಠಾಣೆ ಉಳಿಯಿತು. ಆದರೆ ಕಳವಿನ ಸುದ್ದಿ ಕೇಳಿ ಐದು ಅಂಗಡಿಯವರು ಹಂಪನಕಟ್ಟೆಗೆ ಹೋದರು. ಬಾವ ಹೋಗುವಾಗ ನನ್ನ ಕೈ ಹಿಡಿದು, ನೀವೂ ಬನ್ನಿ ಹಾಜಿಕ, ಇಲ್ಲಿ ಇನ್ನು ಜೀವಕ್ಕೆ ಭರವಸೆ ಇಲ್ಲ ಅಂದ. ನಾನೆಂತ ಹೇಳುವುದು ಅವನಿಗೆ?"

"ಬಾವನಿಗೆ ಹೇಳುವುದು ಆಮೇಲೆ. ಮೂರು ಗಂಟೆಗೆ ಜೀಪು."

ಹಾಜಿಯವರ ಕೈ ನಿಂತಿತು. ಮಗ ಯೂಸುಫನ ಪಾಸ್‌ಪೋರ್ಟಿನ ವಿಚಾರಣೆಯ ಕಾಗದ ಇದೇ ಹೊರಠಾಣೆಯಲ್ಲಿ ಉಂಟು, ಅಂದರು. ಕುವೈತಿನ ಕೆಲಸ. ಅಪ್ಪ ಸುಳ್ಳು ದೂರು ಕೊಟ್ಟವ ಅಂತ ಆದರೆ ಆ ಕಾಗದ ಅಲ್ಲಿಯೇ ಕೂರ್ತದೆ. ಒಂದು ವಾರ, ಆ ಕಾಗದ ಇಲ್ಲಿಂದ ದಾಟುವವರೆಗೆ, ಮಹಾಬಲ ತಡಕೊಂಡರೆ ಸಾಕು.

"ಅವನು ತಡಕೊಳ್ತಾನೆ," ಎಂದರು ರತ್ನಕ್ಕ. "ಹಾಜಿಯವರು ಎಂತ ಹೇಳ್ತಾರೋ ಅದೇ ಅಂತ ಕೂತಿದ್ದಾನೆ. ಕೋರ್ಟಿನಲ್ಲೂ ಅದನ್ನೇ ಹೇಳಿಯಾನು. ಆಮೇಲೆ ಎಷ್ಟು ವರ್ಷ ಬದುಕಿದರೂ ಅವನು ಕಳ್ಳ ಮಹಾಬಲನೇ. ಕುಶಲಾಳಿಗೆ ನಳ್ಳಿಯಲ್ಲಿ ನೀರು ಹಿಡೀಲಿಕ್ಕೆ ಬಿಡ್ತಾ ಇಲ್ಲ, ಗೊತ್ತುಂಟಾ ನಿಮಗೆ? ಇವತ್ತು ನೀವು ಬಾಗಿಲಿಗೆ ಕೋಲು ಇಡ್ಲಿಲ್ಲ. ಯಾಕೆ?"

"ಇಡ್ಲಿಕ್ಕೆ ಕೈ ಬರ್ಲಿಲ್ಲ," ಎಂದರು ಹಾಜಿಯವರು. "ಎದುರು ನೋಡಿಕೊಳ್ಳುವವ ಇಲ್ಲದೆ ಕೋಲು ಯಾರಿಗೆ ಇಡುವುದು."

ಒಳಗಿನ ಬಾಗಿಲಲ್ಲಿ ಝೈನಬ್ ನಿಂತಿದ್ದರು. ಯಾವಾಗ ಬಂದರೋ. ಅವರ ಎರಡೂ ಕೈಯಲ್ಲಿ ಒಂದು ಹಂಡೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗಂಡನ ಮುಂದೆ ಅದನ್ನು ಇಟ್ಟು, ಇನ್ನೊಂದನ್ನು ತರಲಿಕ್ಕೆ ಒಳಗೆ ಹೋದರು.

ಹಾಜಿಯವರು ಎದ್ದು ಟೊಪ್ಪಿ ಸರಿಮಾಡಿಕೊಂಡರು. ಎರಡನೆಯ ಹಂಡೆ ಬರುವವರೆಗೆ ಕಾದು ನಿಂತರು. ಆಮೇಲೆ ಅಳತೆಕೋಲನ್ನು ಗೂಟದಿಂದ ತೆಗೆದು, ಬಾಗಿಲಿಗೆ ಅಡ್ಡ ಇಟ್ಟರು.

* * *

ಓಣಿಯವರು ನೋಡಿದರು: ಹಾಜಿಯವರ ಹೆಗಲ ಮೇಲೆ ಒಂದು ಹಂಡೆ, ರತ್ನಕ್ಕನ ಸೊಂಟದಲ್ಲಿ ಒಂದು. ಕುಶಲಾ ಹೋಟೆಲಿನ ಒಲೆಯ ಮುಂದಿನಿಂದ ಎದ್ದು ಹಿಂದೆಯೇ ಬಂದಳು.

ಹೊರಠಾಣೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತು. ಮೋಹನದಾಸ್ ಎಲ್ಲವನ್ನೂ ಕೇಳಿದ. ಸಿಟ್ಟಾಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಮೇಜಿನ ಖಾನೆಯಿಂದ ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ನಿಧಾನವಾಗಿ ಕೇಳಿದ.

"ಅಟ್ಟದಲ್ಲಿ ಸಿಕ್ಕಿದ ಕಟ್ಟುಗಳೆಲ್ಲ ನೀವೇ ಕಟ್ಟಿದ್ದಾ ಹಾಜಿಯವರೇ?"

"ನಾನೇ."

"ನೀವೇ ಅಲ್ಲಿ ಇಟ್ಟದ್ದು?"

"ನಾನೇ ಇಟ್ಟದ್ದು. ಮಹಾಬಲ ಮುಟ್ಟಿಯೂ ನೋಡಲಿಲ್ಲ."

ಮೋಹನದಾಸ್ ಅದನ್ನು ಹಾಗೆಯೇ ಬರೆದ. ಗಟ್ಟಿಯಾಗಿ ಓದಿ ಹೇಳಿದ. ಹಾಜಿಯವರು ಸಹಿ ಹಾಕಿದರು. ಕನ್ನಡದಲ್ಲಿ ಹೆಸರು ಬರೆಯುವುದು ಅವರಿಗೆ ನಿಧಾನ, ಐದಾರು ಸಲ ಪೆನ್ನು ಎತ್ತಿ ಇಟ್ಟರು. ಸಾಕ್ಷಿಯ ಜಾಗದಲ್ಲಿ ರತ್ನಕ್ಕನೂ ಸಹಿ ಹಾಕಿದರು. ಕಂಬಿಯ ಹಿಂದೆ ಮಹಾಬಲ ಎದ್ದು ನಿಂತಿದ್ದ. ಕುಶಲಾ ಅವನ ಬೆರಳುಗಳನ್ನು ಕಂಬಿಯ ಮೇಲೆಯೇ ಹಿಡಿದುಕೊಂಡಿದ್ದಳು.

"ಹಾಗಾದರೆ ಇವನನ್ನು ಬಿಡಬಹುದು," ಎಂದ ಮೋಹನದಾಸ್. ಕಪಾಟಿನ ಬೀಗ ತೆಗೆದ. "ಇದೊಂದು ಮಾತ್ರ ಉಳಿಯಿತು. ಇದೂ ಅದೇ ಅಟ್ಟದಲ್ಲಿ ಸಿಕ್ಕಿದ್ದು. ಬೆಲೆ ಇರುವ ವಸ್ತು ಅಂತ ನಿನ್ನೆಯಿಂದ ಕಪಾಟಿನಲ್ಲೇ ಇಟ್ಟಿದ್ದೆ."

ಅವನು ಮೇಜಿನ ಮೇಲೆ ಇಟ್ಟದ್ದು ಮುಷ್ಟಿಯಷ್ಟು ಸಣ್ಣ ಕಟ್ಟು. ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಗೆ ತೂರಿಸಿದ್ದು.

ಒಂಬತ್ತನೆಯದು.

ಕಸ್ಟಮ್ಸಿನಲ್ಲಿ ಮೊದಲು ಬರೆಸುವುದೇ ಕಟ್ಟು ಎಷ್ಟು ಅಂತ. ಆಮೇಲೆ ಒಳಗೆ ಎಂತ ಅಂತ, ಆಮೇಲೆ ಯಾರದ್ದು ಅಂತ. ರತ್ನಕ್ಕ ಸಾವಿರ ಸಲ ಬರೆಸಿದ್ದರು. ಇವತ್ತು ಬರೆಸಲಿಲ್ಲ. ಕಾಗದದ ಮೇಲೆ ಇದ್ದದ್ದು 'ಕಟ್ಟುಗಳೆಲ್ಲ' ಅಂತ.

ಮೋಹನದಾಸ್ ಗಂಟು ಬಿಚ್ಚಿದ. ಒಳಗೆ ಹಿತ್ತಾಳೆಯ ಒಂದು ಬಿಲ್ಲೆ. ಬಂದರಿನ ವಾಚ್‌ಮನ್‌ಗಳು ಎದೆಗೆ ಚುಚ್ಚಿಕೊಳ್ಳುವಂಥದ್ದು. ನಂಬರು ಮೂವತ್ತೊಂದು. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಅಂಗಿಯ ತುದಿಯಿಂದ ಉಜ್ಜಿ ಉಜ್ಜಿ ಅಬ್ದುಲ್ಲ ಅದರ ಅಂಕೆಯನ್ನೂ ಅರ್ಧ ಸವೆಸಿದ್ದ. ಪಿನ್ನು ಬಗ್ಗಿತ್ತು. ಅದಕ್ಕೆ ಖಾಕಿ ಬಟ್ಟೆಯ ಒಂದು ಚೂರು ಹರಿದು ಅಂಟಿಕೊಂಡಿತ್ತು.

ಬಿಲ್ಲೆ ವಾಪಸು ಕೊಡದೆ ಕೊನೆಯ ತಿಂಗಳ ಸಂಬಳ ಇಲ್ಲ, ಪಿಂಚಣಿ ಇಲ್ಲ. ಅದನ್ನು ಬಿಟ್ಟು ಯಾವ ವಾಚ್‌ಮನ್ನೂ ಮಗಳ ಮನೆಗೆ ಹೋಗುವುದಿಲ್ಲ.

"ಇದು ನಾನು ಕಟ್ಟಿದ್ದಲ್ಲ," ಎಂದರು ಹಾಜಿಯವರು.

"ಗಂಟು ನಿಮ್ಮದೇ ಅಲ್ವಾ?" ಮೋಹನದಾಸ್ ಸಹಿ ಹಾಕಿದ ಹಾಳೆಯನ್ನು ಎರಡು ಬೆರಳಿನಿಂದ ತನ್ನ ಕಡೆಗೆ ಎಳೆದುಕೊಂಡ. "ಎಲ್ಲ ನೀವೇ ಕಟ್ಟಿದ್ದು ಅಂತ ಈಗಷ್ಟೇ ಹೇಳಿದ್ರಿ. ರತ್ನಕ್ಕನೇ ಸಾಕ್ಷಿ."

ರತ್ನಕ್ಕ ಅವನ ಮುಖ ನೋಡಲಿಲ್ಲ. ಕೈ ನೋಡಿದರು. ಕೈಯ ಕೆಳಗೆ ಬಿಲ್ಲೆಯನ್ನು ಸುತ್ತಿದ್ದ ಪೇಪರು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳುತ್ತಿತ್ತು. ಬೆಳ್ಳಗಿನ, ಹೊಸ ಪೇಪರು. ಮಡಿಕೆಯಿಂದ ಮೊದಲು ಕಂಡದ್ದು ಒಂದು ಕೊಡೆಯ ಹಿಡಿ. ಆಮೇಲೆ ಕೊಡೆ. ಅದರ ಕೆಳಗೆ ದಪ್ಪಕ್ಷರದಲ್ಲಿ: ಇಂದು ಶುಕ್ರವಾರ.

ನಿನ್ನೆಯಿಂದ ಕಪಾಟಿನಲ್ಲಿ ಬೀಗ ಹಾಕಿಟ್ಟ ಕಟ್ಟಿಗೆ ಇವತ್ತಿನ ಪೇಪರು.

ಬೆಳಿಗ್ಗೆ ಮೇಜಿನ ಮೇಲಿದ್ದ ಪೇಪರು ಈಗಲೂ ಅಲ್ಲಿಯೇ ಇತ್ತು. ಕೊನೆಯ ಪುಟ ಇರಲಿಲ್ಲ. ಅಬ್ದುಲ್ಲನ ಬಿಲ್ಲೆ ಇದ್ದದ್ದು ಅಟ್ಟದಲ್ಲಲ್ಲ, ಈ ಮನುಷ್ಯನ ಕೈಯಲ್ಲಿ.

ಬಚ್ಚಿಟ್ಟದ್ದು ಸಿಕ್ಕಿದಾಗ ಮುಖದಲ್ಲಿ ತೋರಿಸಬಾರದು: ಅದು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತದ್ದು. ರತ್ನಕ್ಕ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದರು. ಒಂದು ಎಲೆಯನ್ನು ಒರೆಸಿಕೊಂಡರು.

"ಆ ಪೇಪರು ನಿಮಗೆ ಬೇಡದಿದ್ದರೆ ಇಲ್ಲಿ ಕೊಡಿ ಮೋಹನದಾಸರೇ. ಎಲೆ ಕಟ್ಟಿಕೊಳ್ತೇನೆ. ಸೆಕೆಗೆ ಬಾಡಿ ಹೋಗ್ತದೆ."

ಓಣಿಯ ತಿರುವಿನಲ್ಲಿ ಜೀಪಿನ ಹಾರ್ನು ಕೇಳಿತು.

ಮೋಹನದಾಸ್ ಪೇಪರನ್ನು ಎತ್ತಿದ. ಕೊಡಲಿಕ್ಕೆಂದೇ ಎತ್ತಿದ್ದು, ಕೈ ಅರ್ಧ ದಾರಿಯವರೆಗೆ ಬಂದೂ ಬಂತು. ಆಗ ಅವನು ಅದರ ದಪ್ಪಕ್ಷರವನ್ನು ಮೊದಲ ಸಲ ನೋಡಿದ. ಆಮೇಲೆ ರತ್ನಕ್ಕನ ಮುಖ ನೋಡಿದ.

ಪೇಪರನ್ನು ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡ.